ನ್ಯೂರೋಬ್ಲಾಸ್ಟೋಮಾ: ಕಾಯುವುದಾ, ಕೀಮೋನಾ, ಇಮ್ಯುನೋಥೆರಪಿಯಾ?

ಮಗುವಿಗೆ ನ್ಯೂರೋಬ್ಲಾಸ್ಟೋಮಾ ಎಂಬ, ಎಳೆಯ ನರಕೋಶಗಳಿಂದ ಹುಟ್ಟುವ ಕ್ಯಾನ್ಸರ್ ಇದೆ ಎಂದು ಗೊತ್ತಾದ ದಿನವೇ ಅಪ್ಪ-ಅಮ್ಮ ಮೊಬೈಲಿನಲ್ಲಿ ಹುಡುಕಲು ಶುರು ಮಾಡುತ್ತಾರೆ. ಸ್ಟೆಮ್ ಸೆಲ್ ಕಸಿ, ಡಿನುಟುಕ್ಸಿಮಾಬ್, ಕಾರ್-ಟಿ ಎಂದು ಹತ್ತಾರು ಹೆಸರು ಸಿಗುತ್ತವೆ. ಇವುಗಳಲ್ಲಿ ತಮ್ಮ ಮಗುವಿಗೆ ಯಾವುದು ಎಂಬುದು ಮಾತ್ರ ಸಿಗುವುದಿಲ್ಲ. ಎಲ್ಲ ಮಕ್ಕಳಿಗೂ ಒಪ್ಪುವ ಒಂದೇ ಚಿಕಿತ್ಸೆ ಈ ರೋಗಕ್ಕೆ ಇಲ್ಲ. ಮೂರು ತಿಂಗಳ ಕೂಸಿಗೆ ಏನೂ ಮಾಡದೆ ಕಾಯುವುದೇ ಸರಿ ಇರಬಹುದು. ಮೂರು ವರ್ಷದ ಮಗುವಿಗೆ ಕೀಮೋ, ಆಪರೇಶನ್, ಕಸಿ, ರೇಡಿಯೇಶನ್, ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿಯಿಂದಲೇ ರೋಗವನ್ನು ಕೊಲ್ಲಿಸುವ ಚಿಕಿತ್ಸೆ) ಎಲ್ಲ ಸೇರಿ ಒಂದೂವರೆ ವರ್ಷ ಹಿಡಿಯಬಹುದು. ಇಬ್ಬರ ರಿಪೋರ್ಟಿನಲ್ಲೂ ರೋಗದ ಹೆಸರು ಒಂದೇ.

ಹಾಗಾಗಿ ಎರಡು ಪ್ರಶ್ನೆ ಇಟ್ಟುಕೊಂಡು ಆಯ್ಕೆಗಳನ್ನು ನೋಡೋಣ. ನಮ್ಮ ಮಗು ಯಾವ ಅಪಾಯದ ಗುಂಪಿಗೆ ಸೇರುತ್ತದೆ? ಒಂದು ಚಿಕಿತ್ಸೆ ಉತ್ತಮ ಎನ್ನುವಾಗ ಅದನ್ನು ಯಾವುದಕ್ಕೆ ಹೋಲಿಸಿದ್ದಾರೆ? ತೀರ್ಮಾನ ಆಗಬೇಕಾದದ್ದು ಮಕ್ಕಳ ಕ್ಯಾನ್ಸರ್ ತಜ್ಞರ ಜೊತೆ ಕೂತೇ. ಆದರೆ ಅವರೆದುರು ಏನು ಕೇಳಬೇಕು ಎಂದು ಮೊದಲೇ ತಿಳಿದಿದ್ದರೆ ಆ ಅರ್ಧ ಗಂಟೆ ವ್ಯರ್ಥ ಆಗುವುದಿಲ್ಲ.

ಮೊದಲು ಗುಂಪು, ಆಮೇಲೆ ಔಷಧ

ಗರ್ಭದಲ್ಲಿ ಮಗು ಬೆಳೆಯುವಾಗ ಬೆನ್ನುಹುರಿಯ ಹತ್ತಿರದಿಂದ ಒಂದಷ್ಟು ಎಳೆಯ ಕೋಶಗಳು ಹೊರಡುತ್ತವೆ. ಕೆಲವು ಕುತ್ತಿಗೆ, ಎದೆ, ಹೊಟ್ಟೆಯ ನರಗಳಾಗುತ್ತವೆ. ಕೆಲವು ಕಿಡ್ನಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯ ಒಳಭಾಗ ಆಗುತ್ತವೆ. ಹೀಗೆ ಬಲಿಯಬೇಕಾದ ಕೋಶ ಬಲಿಯದೆ ಎಳೆಯದಾಗಿಯೇ ಉಳಿದು ಹೆಚ್ಚುತ್ತಾ ಹೋದರೆ ನ್ಯೂರೋಬ್ಲಾಸ್ಟೋಮಾ ಗಡ್ಡೆ ಆಗುತ್ತದೆ. ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಐದು ವರ್ಷ ತುಂಬುವ ಮೊದಲೇ ಪತ್ತೆಯಾಗುತ್ತದೆ. 2023ರಲ್ಲಿ ಜರ್ಮನಿಯ ಸಂಶೋಧಕರು ಗಡ್ಡೆಗಳ ಡಿಎನ್‌ಎಯಲ್ಲಿ ಕೂಡಿಬಂದ ಬದಲಾವಣೆಗಳನ್ನು ಎಣಿಸಿ, ರೋಗ ಯಾವಾಗ ಶುರುವಾಯಿತು ಎಂದು ಹಿಂದಕ್ಕೆ ಲೆಕ್ಕ ಹಾಕಿದರು. ಬಹುತೇಕ ಗಡ್ಡೆಗಳ ಬೇರು ಗರ್ಭದ ಮೊದಲ ತಿಂಗಳುಗಳಲ್ಲೇ ಇತ್ತು. ಮನೆತನದಲ್ಲಿ ಹರಿದು ಬರುವುದು ನೂರರಲ್ಲಿ ಒಂದೋ ಎರಡೋ ಮಾತ್ರ. ಬಸುರಿಯಾಗಿದ್ದಾಗ ಏನೋ ತಿಂದೆ, ಎಲ್ಲೋ ಹೋದೆ, ಅದಕ್ಕೇ ಹೀಗಾಯಿತು ಎಂದು ಕೊರಗುವ ಅಮ್ಮಂದಿರಿಗೆ ಈ ಮಾತನ್ನು ದಯವಿಟ್ಟು ಹೇಳಿ. ಮನೆಯ ಹಿರಿಯರಿಗೂ ಹೇಳಿ.

ಮಗುವಿನ ಅಪಾಯದ ಗುಂಪು ಕಡಿಮೆಯದೋ, ಮಧ್ಯಮದ್ದೋ, ಹೆಚ್ಚಿನದೋ ಎಂಬುದನ್ನು ಮುಖ್ಯವಾಗಿ ಮೂರು ಸಂಗತಿಗಳು ನಿರ್ಧರಿಸುತ್ತವೆ. ಒಂದು, ವಯಸ್ಸು. ಹದಿನೆಂಟು ತಿಂಗಳು ಇಲ್ಲಿ ದೊಡ್ಡ ಗಡಿ. ಎರಡು, ರೋಗ ಎಷ್ಟು ಹರಡಿದೆ. ರಿಪೋರ್ಟಿನಲ್ಲಿ ಎಲ್1, ಎಲ್2, ಎಂ, ಎಂಎಸ್ ಎಂದು ಬರೆದಿರುತ್ತಾರೆ. ಎಲ್ ಎಂದರೆ ಗಡ್ಡೆ ಒಂದೇ ಜಾಗದಲ್ಲಿದೆ. ಎಂ ಎಂದರೆ ದೂರಕ್ಕೆ ಹರಡಿದೆ. ಎಂಎಸ್ ಎಂಬುದು ಹದಿನೆಂಟು ತಿಂಗಳೊಳಗಿನ ಕೂಸುಗಳಿಗಷ್ಟೇ ಇರುವ ವಿಶೇಷ ಹಂತ. ಚರ್ಮ, ಲಿವರ್, ಸ್ವಲ್ಪ ಮೂಳೆ ಮಜ್ಜೆಗೆ ಮಾತ್ರ ಹರಡಿರುತ್ತದೆ, ಎಷ್ಟೋ ಸಲ ತಾನಾಗಿಯೇ ಕರಗುತ್ತದೆ. ಮೂರನೆಯದು ಎಂವೈಸಿಎನ್ ಎಂಬ ಜೀನ್. 1983ರಲ್ಲಿ ಪತ್ತೆಯಾದ ಈ ಜೀನಿನ ಪ್ರತಿಗಳು ಸುಮಾರು ಐದರಲ್ಲಿ ಒಂದು ಗಡ್ಡೆಯಲ್ಲಿ ವಿಪರೀತ ಹೆಚ್ಚಿರುತ್ತವೆ. ಅಂಥ ಗಡ್ಡೆ ಬೇಗ ಬೆಳೆಯುತ್ತದೆ, ಬೇಗ ಹರಡುತ್ತದೆ.

ನನ್ನ ಪ್ರಕಾರ ಎಲ್ಲಕ್ಕಿಂತ ಮೊದಲು ಕೇಳಬೇಕಾದ ರಿಪೋರ್ಟ್ ಇದು: 'ಎಂವೈಸಿಎನ್ ಪರೀಕ್ಷೆ ಆಗಿದೆಯಾ? ಏನು ಬಂದಿದೆ?' ಹರಡದ ಗಡ್ಡೆಯನ್ನೂ ಈ ಒಂದು ಫಲಿತಾಂಶ ಬೇರೆ ಗುಂಪಿಗೆ ತಳ್ಳಬಹುದು. ಬಯಾಪ್ಸಿ ತೆಗೆಯುವಾಗ ಈ ಪರೀಕ್ಷೆಗೆ ಸಾಕಾಗುವಷ್ಟು ತುಣುಕು ತೆಗೆದಿರಬೇಕು. ಆಗಲೇ ಎಎಲ್‌ಕೆ ಎಂಬ ಇನ್ನೊಂದು ಜೀನನ್ನೂ ನೋಡಿಸಿಬಿಟ್ಟರೆ ಒಳ್ಳೆಯದು. ಅದು ಯಾಕೆ ಎಂಬುದು ಮುಂದೆ ಬರುತ್ತದೆ.

ಸ್ಕ್ಯಾನ್‌ಗಳಲ್ಲೂ ಆಯ್ಕೆ ಇದೆ. ಎಂಐಬಿಜಿ ಸ್ಕ್ಯಾನ್ ಈ ರೋಗಕ್ಕೆ ಹೇಳಿ ಮಾಡಿಸಿದ್ದು. ನರದ ಕೋಶಗಳು ಹೀರಿಕೊಳ್ಳುವ ವಸ್ತುವಿಗೆ ವಿಕಿರಣ ಸೂಸುವ ಅಯೋಡಿನ್ ಅಂಟಿಸಿ ಕೊಡುತ್ತಾರೆ, ರೋಗ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಅದು ಕಾಣುತ್ತದೆ. ಥೈರಾಯ್ಡ್ ಗ್ರಂಥಿಗೆ ತೊಂದರೆ ಆಗದಂತೆ ಮೊದಲೇ ಬೇರೆ ಅಯೋಡಿನ್ ಹನಿ ಕೊಡುತ್ತಾರೆ. ಆದರೆ ಹತ್ತರಲ್ಲಿ ಒಂದು ಗಡ್ಡೆ ಈ ವಸ್ತುವನ್ನು ಹೀರುವುದೇ ಇಲ್ಲ. ಅಂಥ ಮಕ್ಕಳಿಗೆ ಪೆಟ್ ಸ್ಕ್ಯಾನ್ ಬೇಕು. ಮೊದಲ ಸಲ ಯಾವ ಸ್ಕ್ಯಾನ್ ಮಾಡಿಸಿದ್ದಾರೋ ಮುಂದೆಯೂ ಅದನ್ನೇ ಮಾಡಿಸುವುದು ಮುಖ್ಯ. ಆಗಲೇ ಒಂದನ್ನೊಂದು ಪಕ್ಕ ಇಟ್ಟು ನೋಡಲು ಆಗುವುದು.

ಕಾಯುವುದೋ, ಕತ್ತರಿಸುವುದೋ?

ಕ್ಯಾನ್ಸರ್ ಎಂದ ಮೇಲೆ ಸುಮ್ನೆ ಕಾಯುವುದು ಯಾರ ಮನಸ್ಸಿಗೂ ಒಗ್ಗುವುದಿಲ್ಲ. ಆದರೂ ಕೆಲವು ಕೂಸುಗಳಿಗೆ ಇದು ಗಟ್ಟಿ ಪುರಾವೆ ಇರುವ ಆಯ್ಕೆ.

ಇದು ತಿಳಿದದ್ದು ಜಪಾನಿನಿಂದ. ಈ ಗಡ್ಡೆ ಮೂತ್ರದಲ್ಲಿ ವಿಎಂಎ, ಎಚ್‌ವಿಎ ಎಂಬ ರಾಸಾಯನಿಕಗಳನ್ನು ಬಿಡುತ್ತದೆ. ಬೇಗ ಹಿಡಿದರೆ ಬೇಗ ಗುಣ ಅಲ್ವಾ ಎಂದುಕೊಂಡು ಜಪಾನ್ 1985ರಿಂದ ದೇಶದ ಎಲ್ಲ ಆರು ತಿಂಗಳ ಕೂಸುಗಳ ಮೂತ್ರ ಪರೀಕ್ಷೆ ಶುರು ಮಾಡಿತು. ಸಾಕಷ್ಟು ಗಡ್ಡೆಗಳು ಸಿಕ್ಕವು. ಆಪರೇಶನ್ ಆಯಿತು, ಕೀಮೋ ಆಯಿತು. ಕೆನಡಾದ ಕ್ವಿಬೆಕ್‌ನಲ್ಲಿ ಸುಮಾರು 4.76 ಲಕ್ಷ ಕೂಸುಗಳನ್ನು, ಜರ್ಮನಿಯಲ್ಲಿ ಸುಮಾರು 14.75 ಲಕ್ಷ ಮಕ್ಕಳನ್ನು ಹೀಗೆಯೇ ಪರೀಕ್ಷಿಸಿ, ಪರೀಕ್ಷಿಸದ ಮಕ್ಕಳ ಜೊತೆ ಹೋಲಿಸಿದರು. 2002ರಲ್ಲಿ ಬಂದ ಫಲಿತಾಂಶ ಎಲ್ಲರ ಕಣ್ಣು ತೆರೆಸಿತು. ಪತ್ತೆಯಾದ ಗಡ್ಡೆಗಳು ಹೆಚ್ಚಿದವು, ಸಾವು ಕಡಿಮೆ ಆಗಲಿಲ್ಲ. ಪರೀಕ್ಷೆಗೆ ಸಿಕ್ಕಿದ್ದು ಬಹುಪಾಲು ತಾನಾಗಿಯೇ ಕರಗಿಹೋಗುವ ಗಡ್ಡೆಗಳು. ಕೊಲ್ಲುವ ಗಡ್ಡೆಗಳು ಆಮೇಲೆ ಬರುತ್ತಿದ್ದವು. ಬೇಡದ ಆಪರೇಶನ್ನಿಗೆ, ಬೇಡದ ಕೀಮೋಗೆ ಕೂಸುಗಳು ಒಳಗಾಗಿದ್ದವು. ಜಪಾನ್ ಆ ಕಾರ್ಯಕ್ರಮ ನಿಲ್ಲಿಸಿತು. ಯಾರಾದರೂ ಆರೋಗ್ಯವಾಗಿರುವ ಕೂಸಿಗೆ ಮುನ್ನೆಚ್ಚರಿಕೆ ಎಂದು ಈ ಮೂತ್ರ ಪರೀಕ್ಷೆ ಮಾಡಿಸಲು ಹೇಳಿದರೆ ಬೇಡ ಎನ್ನಬಹುದು.

ಇದರ ಮುಂದಿನ ಹೆಜ್ಜೆಯನ್ನು ಅಮೆರಿಕದ ಚಿಲ್ಡ್ರನ್ಸ್ ಆಂಕಾಲಜಿ ಗ್ರೂಪ್ ಇಟ್ಟಿತು. ಆರು ತಿಂಗಳೊಳಗಿನ, ಅಡ್ರಿನಲ್‌ನಲ್ಲಿ ಚಿಕ್ಕ ಗಡ್ಡೆ ಇರುವ 83 ಕೂಸುಗಳನ್ನು ಆಪರೇಶನ್ ಮಾಡದೆ ಸ್ಕ್ಯಾನ್ ಮತ್ತು ಮೂತ್ರ ಪರೀಕ್ಷೆಯಲ್ಲೇ ಗಮನಿಸಿದರು. 2012ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಅವರಲ್ಲಿ ಐದರಲ್ಲಿ ನಾಲ್ಕು ಕೂಸುಗಳಿಗೆ ಕತ್ತರಿಯೇ ಬೇಕಾಗಲಿಲ್ಲ. ಮೂರು ವರ್ಷದ ಹೊತ್ತಿಗೆ ಎಲ್ಲ ಕೂಸುಗಳೂ ಬದುಕಿದ್ದವು.

ಕಾಯುವುದಕ್ಕೆ ಷರತ್ತುಗಳಿವೆ. ಗಡ್ಡೆ ಚಿಕ್ಕದಿರಬೇಕು, ಹರಡಿರಬಾರದು, ಕೂಸು ಬಹಳ ಎಳೆಯದಿರಬೇಕು. ಮನೆಯವರು ಹೇಳಿದ ದಿನಕ್ಕೆ ಸ್ಕ್ಯಾನಿಗೆ ಬರಬೇಕು. ಬೀದರಿನಿಂದಲೋ ಚಾಮರಾಜನಗರದ ಹಳ್ಳಿಯಿಂದಲೋ ಕೆಲವು ವಾರಕ್ಕೊಮ್ಮೆ ಬಂದುಹೋಗುವುದು ಆಗದ ಮಾತು ಎಂದಾದರೆ ಡಾಕ್ಟರಿಗೆ ಅದನ್ನು ಮೊದಲೇ ಹೇಳಿಬಿಡಿ. ಆಗ ಆಪರೇಶನ್ ಕಡೆಗೆ ವಾಲುವುದರಲ್ಲೂ ಅರ್ಥ ಇದೆ. ಎಂಎಸ್ ಹಂತದ ಕೂಸುಗಳಲ್ಲಿ ಇನ್ನೊಂದು ಎಚ್ಚರ ಬೇಕು. ಎರಡು-ಮೂರು ತಿಂಗಳ ಕೂಸಿನ ಲಿವರ್ ಬೇಗ ಊದಿಕೊಂಡು ಉಸಿರಾಟಕ್ಕೇ ತೊಂದರೆ ಆಗಬಹುದು. ಹೊಟ್ಟೆ ಉಬ್ಬುತ್ತಿದೆ, ಉಸಿರು ಜೋರಾಗಿದೆ ಎಂದರೆ ಮುಂದಿನ ಅಪಾಯಿಂಟ್‌ಮೆಂಟ್ ನೋಡುತ್ತಾ ಕೂರಬೇಡಿ.

ಮಧ್ಯಮ ಅಪಾಯದ ಗುಂಪಿನ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ, ಅಲ್ಲಿ ಸುದ್ದಿ ಒಳ್ಳೆಯದೇ. 479 ಮಕ್ಕಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೀಮೋದ ಪ್ರಮಾಣವನ್ನು ಮೊದಲಿಗಿಂತ ಬಹಳಷ್ಟು ಇಳಿಸಿದರು. ಆದರೂ ಮೂರು ವರ್ಷದ ಹೊತ್ತಿಗೆ ಶೇ. 96ರಷ್ಟು ಮಕ್ಕಳು ಬದುಕಿದ್ದರು. ಈ ಗುಂಪಿನ ಮಗುವಿಗೆ ಯಾರಾದರೂ ಹೆಚ್ಚು ಕೀಮೋ ಹೇಳಿದರೆ ಕಾರಣ ಕೇಳುವ ಹಕ್ಕು ನಿಮಗಿದೆ.

ಹೆಚ್ಚಿನ ಅಪಾಯದ ಗುಂಪು: ನಿಜವಾದ ಕಷ್ಟದ ಆಯ್ಕೆಗಳು ಇಲ್ಲಿವೆ

ಹದಿನೆಂಟು ತಿಂಗಳು ದಾಟಿದ, ರೋಗ ಹರಡಿದ ಮಕ್ಕಳು ಮತ್ತು ಎಂವೈಸಿಎನ್ ಹೆಚ್ಚಿರುವ ಬಹುತೇಕ ಮಕ್ಕಳು ಈ ಗುಂಪಿಗೆ ಬರುತ್ತಾರೆ. ಇಷ್ಟೆಲ್ಲ ಸಂಶೋಧನೆ ಆದ ಮೇಲೂ ಶ್ರೀಮಂತ ದೇಶಗಳಲ್ಲೇ ದೀರ್ಘಕಾಲ ಬದುಕುವವರು ಹೆಚ್ಚುಕಡಿಮೆ ಅರ್ಧದಷ್ಟು. ಅದನ್ನು ಮುಚ್ಚಿಡುವುದು ತಪ್ಪು. ಅರ್ಧದಷ್ಟು ಮಕ್ಕಳು ಬದುಕುತ್ತಾರೆ ಎಂಬುದೂ ಅಷ್ಟೇ ನಿಜ. ನಲವತ್ತು ವರ್ಷದ ಹಿಂದೆ ಹೀಗಿರಲಿಲ್ಲ.

ಇಲ್ಲಿ ಚಿಕಿತ್ಸೆಯ ಬೆನ್ನೆಲುಬು ಎಲ್ಲ ಕಡೆಯೂ ಒಂದೇ. ಮೊದಲು ಹಲವು ಸುತ್ತಿನ ಕೀಮೋ, ನಡುವೆ ಆಪರೇಶನ್, ಆಮೇಲೆ ಭಾರಿ ಪ್ರಮಾಣದ ಕೀಮೋ ಕೊಟ್ಟು ಮಗುವಿನದೇ ಸ್ಟೆಮ್ ಸೆಲ್‌ಗಳನ್ನು (ರಕ್ತ ಹುಟ್ಟಿಸುವ ಮೂಲ ಕೋಶಗಳನ್ನು) ವಾಪಸ್ ಹಾಕುವ ಕಸಿ, ರೇಡಿಯೇಶನ್, ಕೊನೆಗೆ ಉಳಿದ ರೋಗವನ್ನು ಅಳಿಸುವ ಹಂತ. ಆಯ್ಕೆಗಳು ಹುಟ್ಟುವುದು ಇದರ ಒಳಗೆ.

ಒಂದು ಕಸಿ ಸಾಕೋ, ಎರಡು ಬೇಕೋ? 2019ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಚೀಟಿ ಎತ್ತಿದಂತೆ ಮಕ್ಕಳನ್ನು ಎರಡು ಗುಂಪು ಮಾಡಿ ಹೋಲಿಸಿದರು. ಬೆನ್ನುಬೆನ್ನಿಗೆ ಎರಡು ಕಸಿ ಆದವರಲ್ಲಿ ಮೂರು ವರ್ಷ ರೋಗ ಮರಳದೆ ಇದ್ದವರು ಶೇ. 61.6. ಒಂದೇ ಕಸಿ ಆದವರಲ್ಲಿ ಶೇ. 48.4. ಆದರೆ ಒಟ್ಟಾರೆ ಬದುಕುಳಿದವರ ಲೆಕ್ಕದಲ್ಲಿ ಅಂಥ ಸ್ಪಷ್ಟ ಅಂತರ ಕಾಣಲಿಲ್ಲ. ಯುರೋಪಿನವರು ಬೇರೆ ದಾರಿ ಹಿಡಿದರು. ಕಸಿ ಒಂದೇ, ಅದಕ್ಕೆ ಬುಸಲ್ಫಾನ್-ಮೆಲ್ಫಲಾನ್ ಎಂಬ ಕೀಮೋ ಔಷಧಗಳ ಜೋಡಿ. ಹಳೆಯ ಮೂರು ಔಷಧಗಳ ಕೂಟಕ್ಕೆ ಹೋಲಿಸಿದಾಗ ಇದು ಮೇಲುಗೈ ಪಡೆಯಿತು: ಮೂರು ವರ್ಷಕ್ಕೆ ರೋಗ ಮರಳದವರು ಶೇ. 50 ಮತ್ತು ಶೇ. 38. ನಮ್ಮಂಥ ಕಡೆ ನಾನು ಮೊದಲು ನೋಡುವುದು ಆ ಆಸ್ಪತ್ರೆಗೆ ಯಾವ ವಿಧಾನ ಕೈಗೆ ಚೆನ್ನಾಗಿ ಪಳಗಿದೆ ಎಂಬುದನ್ನು. ಎರಡನೇ ಕಸಿಯ ಹೊತ್ತಿಗೆ ಸೋಂಕು ತಡೆಯುವ ವ್ಯವಸ್ಥೆ ಗಟ್ಟಿ ಇಲ್ಲದಿದ್ದರೆ ಕಾಗದದ ಮೇಲಿನ ಲಾಭ ಮಗುವಿಗೆ ಸಿಗುವುದಿಲ್ಲ. 'ನಿಮ್ಮಲ್ಲಿ ವರ್ಷಕ್ಕೆ ಎಷ್ಟು ಮಕ್ಕಳಿಗೆ ಕಸಿ ಆಗುತ್ತದೆ?' ಎಂದು ನೇರವಾಗಿ ಕೇಳಿ. ಯಾವ ಡಾಕ್ಟರೂ ಇದಕ್ಕೆ ಬೇಸರ ಮಾಡಿಕೊಳ್ಳಬಾರದು.

ಕೊನೆಯ ಹಂತದಲ್ಲಿ ಆಯ್ಕೆ ಐಸೋಟ್ರೆಟಿನೋಯಿನ್ ಮಾತ್ರ ಕೊಡುವುದೋ, ಅದರ ಜೊತೆ ಜಿಡಿ2 ಪ್ರತಿಕಾಯವನ್ನೂ ಕೊಡುವುದೋ ಎಂಬುದರ ನಡುವೆ. ಐಸೋಟ್ರೆಟಿನೋಯಿನ್ ಎಂದರೆ ಮೊಡವೆಗೆ ಕೊಡುವ ಅದೇ ಮಾತ್ರೆ, ಇಲ್ಲಿ ಬಹಳ ದೊಡ್ಡ ಪ್ರಮಾಣದಲ್ಲಿ ಕೊಡುತ್ತಾರೆ. ಬಲಿಯದ ಕೋಶಗಳನ್ನು ಬಲಿಯುವಂತೆ ಮಾಡುವುದು ಅದರ ಕೆಲಸ. ತಿಂಗಳಲ್ಲಿ ಎರಡು ವಾರ ಕೊಟ್ಟು ಎರಡು ವಾರ ಬಿಡುತ್ತಾರೆ, ಹೀಗೆ ಆರು ಸಲ. ತುಟಿ, ಚರ್ಮ ಒಣಗುತ್ತದೆ. ಸುಲಭವಾಗಿ ಸಿಗುತ್ತದೆ, ದುಬಾರಿ ಅಲ್ಲ. ಭಾರತದಲ್ಲಿ ಯಾವ ಕಾರಣಕ್ಕೂ ಇದನ್ನು ತಪ್ಪಿಸಬಾರದು.

ಜಿಡಿ2 ಎಂಬುದು ನ್ಯೂರೋಬ್ಲಾಸ್ಟೋಮಾ ಕೋಶಗಳ ಮೈಮೇಲೆ ತುಂಬಿರುವ ಒಂದು ಸಕ್ಕರೆ-ಕೊಬ್ಬಿನ ಅಣು. ಅದಕ್ಕೆ ಅಂಟಿಕೊಳ್ಳುವ ಪ್ರತಿಕಾಯ ಕೊಟ್ಟರೆ ದೇಹದ ರೋಗನಿರೋಧಕ ಕೋಶಗಳು ಬಂದು ಗಡ್ಡೆಯ ಕೋಶವನ್ನು ಕೊಲ್ಲುತ್ತವೆ. 2010ರಲ್ಲಿ ಪ್ರಕಟವಾದ 226 ಮಕ್ಕಳ ಅಧ್ಯಯನ ಈ ರೋಗದ ಚರಿತ್ರೆಯಲ್ಲೇ ದೊಡ್ಡ ತಿರುವು. ಎರಡು ವರ್ಷಕ್ಕೆ ರೋಗ ಮರಳದವರು ಡಿನುಟುಕ್ಸಿಮಾಬ್ ಎಂಬ ಈ ಪ್ರತಿಕಾಯ ಸಿಕ್ಕ ಗುಂಪಿನಲ್ಲಿ ಶೇ. 66, ಐಸೋಟ್ರೆಟಿನೋಯಿನ್ ಮಾತ್ರ ಸಿಕ್ಕವರಲ್ಲಿ ಶೇ. 46. ಐದು ವರ್ಷಕ್ಕೆ ನೋಡಿದಾಗ ಈ ಅಂತರ ಶೇ. 57 ಮತ್ತು ಶೇ. 46ಕ್ಕೆ ಇಳಿದಿತ್ತು. ಅಂದರೆ ಲಾಭ ನಿಜ, ಆದರೆ ಎರಡು ವರ್ಷದ ಅಂಕಿ ತೋರಿಸಿದಷ್ಟು ದೊಡ್ಡದಲ್ಲ. ಯಾವ ಹೊಸ ಚಿಕಿತ್ಸೆಯ ಸುದ್ದಿ ಓದಿದರೂ 'ಇದು ಎಷ್ಟು ವರ್ಷದ ಲೆಕ್ಕ?' ಎಂದು ನೋಡುವುದು ಇದಕ್ಕೇ.

ಈ ಬಗೆಯ ಪ್ರತಿಕಾಯಗಳು ಮೂರು ಇವೆ. ಡಿನುಟುಕ್ಸಿಮಾಬ್‌ಗೆ ಅಮೆರಿಕದಲ್ಲಿ 2015ರಲ್ಲಿ ಅನುಮತಿ ಸಿಕ್ಕಿತು. ದಿನಕ್ಕೆ ಹತ್ತರಿಂದ ಇಪ್ಪತ್ತು ಗಂಟೆ, ನಾಲ್ಕು ದಿನ ಡ್ರಿಪ್‌ನಲ್ಲಿ ಕೊಡುತ್ತಾರೆ. ಡಿನುಟುಕ್ಸಿಮಾಬ್ ಬೀಟಾಗೆ ಯುರೋಪಿನಲ್ಲಿ 2017ರಲ್ಲಿ ಅನುಮತಿ ಬಂತು. ಇದನ್ನು ಹತ್ತು ದಿನ ಬಿಡದೆ ನಿಧಾನವಾಗಿ ಹರಿಸುವ ಪದ್ಧತಿ ಇದೆ, ಹಾಗೆ ಮಾಡಿದರೆ ಮಗು ತಡೆದುಕೊಳ್ಳುವುದು ಸ್ವಲ್ಪ ಸುಲಭ. ಇವೆರಡನ್ನು ಎದುರುಬದುರು ಇಟ್ಟು ಹೋಲಿಸಿದ ದೊಡ್ಡ ಅಧ್ಯಯನ ಇಲ್ಲ, ಹಾಗಾಗಿ ಒಂದು ಇನ್ನೊಂದಕ್ಕಿಂತ ಮೇಲು ಎನ್ನುವವರನ್ನು ನಂಬಬೇಡಿ. ಮೂರನೆಯದು ನಾಕ್ಸಿಟಮಾಬ್, 2020ರಲ್ಲಿ ಬಂತು. ಇದು ಮೂಳೆ ಅಥವಾ ಮಜ್ಜೆಯಲ್ಲಿ ರೋಗ ಉಳಿದವರಿಗೆ, ಮರಳಿದವರಿಗೆ. ಒಂದು ಗಂಟೆಯೊಳಗೆ ಮುಗಿಯುತ್ತದೆ, ವಾರ್ಡಿನಲ್ಲಿ ಮಲಗಿಸಬೇಕೆಂದಿಲ್ಲ. ಇದರ ಅನುಮತಿ ಗಡ್ಡೆ ಎಷ್ಟು ಕುಗ್ಗಿತು ಎಂಬುದರ ಮೇಲೆ ಸಿಕ್ಕಿದ್ದು, ಬೇರೆ ಚಿಕಿತ್ಸೆಗೆ ಹೋಲಿಸಿ ಸಿಕ್ಕಿದ್ದಲ್ಲ.

ಮೂರಕ್ಕೂ ಒಂದೇ ದೊಡ್ಡ ಕಷ್ಟ: ನೋವು. ನೋವನ್ನು ಒಯ್ಯುವ ನರಗಳ ಮೇಲೂ ಜಿಡಿ2 ಇದೆ. ಹಾಗಾಗಿ ಪ್ರತಿಕಾಯ ಅಲ್ಲೂ ಅಂಟುತ್ತದೆ. ಮಾರ್ಫಿನ್ ಜೊತೆಗೇ ಇದನ್ನು ಕೊಡಬೇಕು. ಬಿಪಿ ಇಳಿಯುವುದು, ಜ್ವರ, ಅಲರ್ಜಿ ಕೂಡ ಆಗಬಹುದು. ಇದನ್ನು ಕೊಡುವ ಕಡೆ ಮಕ್ಕಳ ನೋವು ನಿರ್ವಹಣೆಯ ತಂಡ ಇದೆಯೇ ಎಂದು ಮೊದಲೇ ವಿಚಾರಿಸಿ.

ದುಡ್ಡಿನ ಮಾತು ಬಿಟ್ಟರೆ ಈ ಹೋಲಿಕೆ ಸುಳ್ಳಾಗುತ್ತದೆ. ಈ ಪ್ರತಿಕಾಯಗಳ ಬೆಲೆ ಸಾಮಾನ್ಯ ಕುಟುಂಬಕ್ಕೆ ನಿಲುಕುವಂಥದ್ದಲ್ಲ. ಭಾರತದಲ್ಲಿ ಸಿಗದ ಔಷಧವನ್ನು ರೋಗಿಯ ಸ್ವಂತ ಬಳಕೆಗೆ ತರಿಸಲು ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ಪರವಾನಗಿ ಬೇಕು. ಡಾಕ್ಟರ ಚೀಟಿ ಇಟ್ಟು ಅರ್ಜಿ ಹಾಕಬೇಕು. ಮನೆ, ಜಮೀನು ಮಾರುವ ಯೋಚನೆ ಮಾಡುವ ಮೊದಲು ಎರಡು ವಿಷಯ ತೂಗಿ ನೋಡಿ. ಆರಂಭದ ಕೀಮೋ, ಆಪರೇಶನ್, ಕಸಿ ಹೇಳಿದ ಸಮಯಕ್ಕೆ ತಪ್ಪದೆ ಮುಗಿಯುವುದು ಮೊದಲ ಆದ್ಯತೆ. ಅರ್ಧದಲ್ಲಿ ದುಡ್ಡು ಖಾಲಿಯಾಗಿ ಚಿಕಿತ್ಸೆ ನಿಲ್ಲುವುದಕ್ಕಿಂತ ದೊಡ್ಡ ನಷ್ಟ ಇಲ್ಲ. ಬೆಂಗಳೂರಿನ ಕಿದ್ವಾಯಿ, ಮುಂಬೈನ ಟಾಟಾ ಮೆಮೋರಿಯಲ್‌ನಂಥ ಸಂಸ್ಥೆಗಳಲ್ಲಿ ಸಮಾಜ ಕಾರ್ಯಕರ್ತರ ವಿಭಾಗ ಇರುತ್ತದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಯಾವ ಹಂತಕ್ಕೆ ಎಷ್ಟು ಸಿಗುತ್ತದೆ, ಉಳಿದದ್ದಕ್ಕೆ ಯಾವ ಟ್ರಸ್ಟ್ ನೆರವಾಗುತ್ತದೆ ಎಂದು ಮೊದಲ ವಾರವೇ ಅಲ್ಲಿ ಕೇಳಿ.

ಡಿಎಫ್‌ಎಂಒ ಎಂಬ ಮಾತ್ರೆಯ ಬಗ್ಗೆ ಈಗ ಎಲ್ಲರೂ ಕೇಳುತ್ತಾರೆ. ಆಫ್ರಿಕಾದ ನಿದ್ರಾ ರೋಗಕ್ಕೆ ಬಳಸುತ್ತಿದ್ದ ಎಫ್ಲೋರ್ನಿಥೀನ್ ಇದೇ. ಇಮ್ಯುನೋಥೆರಪಿ ಮುಗಿದ ಮೇಲೆ ರೋಗ ಮರಳದಂತೆ ಎರಡು ವರ್ಷ ಕೊಡಲು ಅಮೆರಿಕ 2023ರ ಡಿಸೆಂಬರಿನಲ್ಲಿ ಅನುಮತಿಸಿತು. ನಾಲ್ಕು ವರ್ಷಕ್ಕೆ ರೋಗ ಮರಳದವರು ಶೇ. 84, ಮಾತ್ರೆ ತೆಗೆದುಕೊಳ್ಳದವರಲ್ಲಿ ಶೇ. 73. ಈ ಎರಡು ಗುಂಪು ಒಂದೇ ಅಧ್ಯಯನದಲ್ಲಿ ಇರಲಿಲ್ಲ. ಹೋಲಿಸಿದ್ದು ಹಳೆಯ ಅಧ್ಯಯನದ ಮಕ್ಕಳ ಜೊತೆ. ಅನುಮತಿ ಕೊಡುವ ಸಂಸ್ಥೆಯ ಸಲಹಾ ಸಮಿತಿಯಲ್ಲೇ 14 ಜನ ಪರವಾಗಿ, 6 ಜನ ವಿರುದ್ಧವಾಗಿ ಮತ ಹಾಕಿದರು. ಭರವಸೆ ಇಡಬಹುದಾದ ಔಷಧ, ಆದರೆ ಪ್ರತಿಕಾಯದಷ್ಟು ಗಟ್ಟಿ ಪುರಾವೆ ಇದಕ್ಕಿಲ್ಲ. ಒಂದನ್ನೇ ಆರಿಸಬೇಕಾದ ಪರಿಸ್ಥಿತಿ ಬಂದರೆ ನಾನು ಪ್ರತಿಕಾಯದ ಕಡೆ ನಿಲ್ಲುತ್ತೇನೆ.

ರೋಗ ಮರಳಿದರೆ

ಇಲ್ಲಿ ಮೊದಲ ಆಯ್ಕೆ ಕೀಮೋ ಮತ್ತು ಪ್ರತಿಕಾಯ ಎರಡನ್ನೂ ಒಟ್ಟಿಗೆ ಕೊಡುವುದು. 2017ರ ಅಧ್ಯಯನದಲ್ಲಿ ಇರಿನೋಟೆಕಾನ್, ಟೆಮೋಜೋಲಮೈಡ್ ಎಂಬ ಕೀಮೋ ಔಷಧಗಳ ಜೊತೆ ಡಿನುಟುಕ್ಸಿಮಾಬ್ ಕೊಟ್ಟಾಗ 17ರಲ್ಲಿ 9 ಮಕ್ಕಳ ರೋಗ ಕುಗ್ಗಿತು. ಅದೇ ಕೀಮೋ ಜೊತೆ ಬೇರೊಂದು ಔಷಧ ಕೊಟ್ಟ ಗುಂಪಿನಲ್ಲಿ 18ರಲ್ಲಿ ಒಂದೇ ಮಗುವಿಗೆ. ಸಂಖ್ಯೆ ಚಿಕ್ಕದು, ಅಂತರ ಮಾತ್ರ ಬಹಳ ದೊಡ್ಡದು. ಪ್ರತಿಕಾಯ ಸಿಗದಿದ್ದರೂ ಆ ಎರಡು ಕೀಮೋ ಔಷಧಗಳನ್ನು ಹೊರರೋಗಿಯಾಗಿಯೇ ಕೊಡಬಹುದು. ಸ್ಕ್ಯಾನಿಗೆ ಬಳಸುವ ಎಂಐಬಿಜಿಯನ್ನೇ ದೊಡ್ಡ ವಿಕಿರಣ ಪ್ರಮಾಣದಲ್ಲಿ ಕೊಟ್ಟು ರೋಗವನ್ನು ಸುಡುವ ಚಿಕಿತ್ಸೆಯೂ ಇದೆ. ಗಡ್ಡೆ ಆ ವಸ್ತುವನ್ನು ಹೀರುವಂಥದ್ದಾಗಿದ್ದರೆ ಮಾತ್ರ. ಮಗು ಕೆಲವು ದಿನ ಪ್ರತ್ಯೇಕ ಕೋಣೆಯಲ್ಲಿ ಇರಬೇಕಾಗುತ್ತದೆ, ಚಿಕ್ಕ ಮಕ್ಕಳ ಮನೆಯವರು ಅದಕ್ಕೆ ಮೊದಲೇ ತಯಾರಿ ಮಾಡಿಕೊಳ್ಳಬೇಕು.

ಎಎಲ್‌ಕೆ ಪರೀಕ್ಷೆಯ ಫಲ ಸಿಗುವುದು ಇಲ್ಲಿ. 2008ರಲ್ಲಿ ನ್ಯೂರೋಬ್ಲಾಸ್ಟೋಮಾದಲ್ಲಿ ಈ ಜೀನಿನ ದೋಷ ಪತ್ತೆಯಾಯಿತು. ಸುಮಾರು ಹತ್ತರಲ್ಲಿ ಒಂದು ಗಡ್ಡೆಯಲ್ಲಿ ಅದು ಇರುತ್ತದೆ. ದೊಡ್ಡವರ ಶ್ವಾಸಕೋಶದ ಕ್ಯಾನ್ಸರಿಗೆ ಬಂದ ಕ್ರಿಜೋಟಿನಿಬ್, ಆಮೇಲೆ ಬಂದ ಲೋರ್ಲಾಟಿನಿಬ್ ಮಾತ್ರೆಗಳು ಈ ದೋಷದ ಮೇಲೆಯೇ ಕೆಲಸ ಮಾಡುತ್ತವೆ. 2023ರಲ್ಲಿ ಪ್ರಕಟವಾದ ಲೋರ್ಲಾಟಿನಿಬ್ ಫಲಿತಾಂಶ ಮರಳಿದ ರೋಗದಲ್ಲೂ ಆಶಾದಾಯಕವಾಗಿತ್ತು. ತೂಕ, ಕೊಲೆಸ್ಟ್ರಾಲ್ ಏರುತ್ತದೆ, ಕೆಲವು ಮಕ್ಕಳ ಮನಸ್ಥಿತಿಯೂ ಬದಲಾಗುತ್ತದೆ. ದೋಷ ಇಲ್ಲದ ಮಗುವಿಗೆ ಈ ಮಾತ್ರೆ ದಂಡ.

ಕಾರ್-ಟಿ ಬಗ್ಗೆ ಒಂದು ಗೊಂದಲ ಬಿಡಿಸಬೇಕು. ಮಗುವಿನ ರಕ್ತದ ಟಿ ಕೋಶಗಳನ್ನು ಹೊರತೆಗೆದು, ಗಡ್ಡೆಯನ್ನು ಗುರುತು ಹಿಡಿಯುವಂತೆ ಬದಲಿಸಿ ವಾಪಸ್ ಕೊಡುವ ಚಿಕಿತ್ಸೆ ಇದು. ರೋಮ್‌ನ ಬಂಬಿನೋ ಜೇಸು ಮಕ್ಕಳ ಆಸ್ಪತ್ರೆ 2023ರಲ್ಲಿ 27 ಮಕ್ಕಳ ವಿವರ ಪ್ರಕಟಿಸಿತು. ಬೇರೆಲ್ಲ ಚಿಕಿತ್ಸೆ ಸೋತವರೇ ಅಲ್ಲಿ ಹೆಚ್ಚು. ಅವರಲ್ಲಿ 17 ಮಕ್ಕಳಿಗೆ ಗುಣ ಕಂಡಿತು, 9 ಮಕ್ಕಳಲ್ಲಿ ರೋಗದ ಗುರುತೇ ಉಳಿಯಲಿಲ್ಲ. ಇದು ಇನ್ನೂ ಅಧ್ಯಯನದ ಹಂತದ್ದು, ಹೋಲಿಸಿ ನೋಡಲು ಎದುರು ಗುಂಪು ಇರಲಿಲ್ಲ. ನಮ್ಮಲ್ಲಿ 2023ರಲ್ಲಿ ಅನುಮತಿ ಸಿಕ್ಕ ನೆಕ್ಸ್‌ಕಾರ್19 ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್‌ನ ಹೆಮ್ಮೆಯ ಕೆಲಸ. ಆದರೆ ಅದು ಗುರಿ ಇಡುವುದು ಬಿ ಕೋಶಗಳ ರಕ್ತ ಕ್ಯಾನ್ಸರಿನ ಸಿಡಿ19 ಎಂಬ ಗುರುತಿನ ಮೇಲೆ. ನ್ಯೂರೋಬ್ಲಾಸ್ಟೋಮಾ ಮೇಲೆ ಆ ಗುರುತು ಇಲ್ಲ. 'ಕಾರ್-ಟಿ ಭಾರತದಲ್ಲೇ ಸಿಗುತ್ತಂತೆ' ಎಂದು ಯಾರಾದರೂ ಹೇಳಿದರೆ ಯಾವ ಕಾರ್-ಟಿ ಎಂದು ಕೇಳಿ.

ಕಿವಿಯ ಬಗ್ಗೆ ಮೊದಲೇ ಕೇಳಬೇಕು

ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧ ಈ ರೋಗದಲ್ಲಿ ಬಹಳ ಮುಖ್ಯ. ಅದು ಕಿವಿಯ ಒಳಗಿನ ಕೋಶಗಳನ್ನು ಹಾಳುಮಾಡುತ್ತದೆ, ಹೋದ ಕೇಳುವಿಕೆ ಮರಳುವುದಿಲ್ಲ. ಮಾತು ಕಲಿಯುವ ವಯಸ್ಸಿನ ಮಗುವಿಗೆ ಇದು ಸಣ್ಣ ವಿಷಯ ಅಲ್ಲ. ಲಿವರ್ ಗಡ್ಡೆಯ ಮಕ್ಕಳಲ್ಲಿ ನಡೆದ 2018ರ ಅಧ್ಯಯನದಲ್ಲಿ ಸೋಡಿಯಂ ಥಯೋಸಲ್ಫೇಟ್ ಕೊಟ್ಟಾಗ ಕಿವಿಗೆ ತೊಂದರೆ ಆದವರು ಶೇ. 63ರಿಂದ ಶೇ. 33ಕ್ಕೆ ಇಳಿದರು. ಅಮೆರಿಕದಲ್ಲಿ 2022ರಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. ಆದರೆ ರೋಗ ಹರಡದ ಮಕ್ಕಳಿಗೆ ಮಾತ್ರ. ಹರಡಿದ ಮಕ್ಕಳಲ್ಲಿ ಕೀಮೋದ ಶಕ್ತಿಯನ್ನೇ ಕುಂದಿಸಬಹುದು ಎಂಬ ಅನುಮಾನ ಇನ್ನೊಂದು ಅಧ್ಯಯನದಿಂದ ಬಂದಿದೆ. ನ್ಯೂರೋಬ್ಲಾಸ್ಟೋಮಾದಲ್ಲಿ ಸಿಸ್‌ಪ್ಲಾಟಿನ್ ಬೇಕಾಗುವುದು ಬಹುತೇಕ ಹರಡಿದ ಮಕ್ಕಳಿಗೇ. ಹಾಗಾಗಿ ಅವರಿಗೆ ಈ ರಕ್ಷಣೆಯನ್ನು ನಾನು ಒತ್ತಾಯಿಸುವುದಿಲ್ಲ. ಬದಲಿಗೆ ಮೊದಲ ಸಿಸ್‌ಪ್ಲಾಟಿನ್ ಡೋಸಿಗೂ ಮುಂಚೆ ಒಂದು ಶ್ರವಣ ಪರೀಕ್ಷೆ, ಆಮೇಲೆ ಪ್ರತಿ ಡೋಸಿಗೂ ಮುಂಚೆ ಮತ್ತೊಂದು ಮಾಡಿಸಿ. ತೊಂದರೆ ಶುರುವಾದದ್ದು ಗೊತ್ತಾದರೆ ಔಷಧದ ಪ್ರಮಾಣ ಬದಲಿಸಬಹುದೇ ಎಂದು ಡಾಕ್ಟರ ಹತ್ತಿರ ಮಾತಾಡಬಹುದು. ಕಿವಿಯ ಯಂತ್ರ ಬೇಕಾದರೂ ಸ್ಕೂಲಿಗೆ ಸೇರಿಸುವ ತನಕ ಕಾಯದೆ ಬೇಗ ಹಾಕಿಸಬಹುದು.